ಗೌರಿಗೆ ಕೊಟ್ಟ ಇಂಜೆಕ್ಷನ್

ನಿನ್ನೆ ಶಿರಸಿ ಹತ್ತಿರ ಒಂದು ಉಪನಯನ. ಊಟ ಮುಗಿಸಿ ಎಲೆಯಡಿಕೆ ಕವಳದ ತಟ್ಟೆ ಸುತ್ತ ಕೂತಿದ್ದೆವು. ಅಪ್ಪೆಹುಳಿ ಎರಡೆರಡು ಲೋಟ ಜಾಸ್ತಿಯೇ ಇಳಿದು ಅರ್ಧ ಜನ ತೂಕಡಿಸುತ್ತಿದ್ದರು. ಅಷ್ಟರಲ್ಲಿ ಭಾವ ಒಬ್ಬ ಮೊಬೈಲ್ ಚಾಚಿದ. ಅಮೆರಿಕದ ಫಿಲಡೆಲ್ಫಿಯಾದ ಬೀದಿ. ನಿಂತಲ್ಲೇ ಸೊಂಟ ಬಗ್ಗಿ ಮರಗಟ್ಟಿದ ಮನುಷ್ಯರು. ಮೇಲೆ 'ಝಾಂಬಿ ಡ್ರಗ್' ಅಂತ ಕೆಂಪು ಅಕ್ಷರ.

"ದನಕ್ಕೆ ಕೊಡೋ ಇಂಜೆಕ್ಷನ್ ಅಡ ಮಾರಾಯಾ! ಇದ್ನ ಪೂರಾ ಬಂದ್ ಮಾಡವು" ಅಂದ. ತೂಕಡಿಸುತ್ತಿದ್ದವರೂ ಎದ್ದು ತಲೆ ಆಡಿಸಿದರು.

ನನಗೆ ಪಿತ್ತ ನೆತ್ತಿಗೇರಿತು. ನಮಗೆ ಗೊತ್ತಿರುವುದು ಎರಡೇ ದಾರಿ. ಒಂದೋ ಪೂರಾ ಬಂದ್. ಇಲ್ಲಾಂದ್ರೆ ಸಂತೆಯಲ್ಲಿ ಬದನೆಕಾಯಿ ಕೊಂಡ ಹಾಗೆ ಕೊಳ್ಳುವುದು.

ಆ ಮದ್ದಿನ ಹೆಸರು ಕ್ಸೈಲಾಜಿನ್. 1962ರಲ್ಲಿ ಜರ್ಮನಿಯ ಬೇಯರ್ ಕಂಪನಿಯವರು ಕಂಡುಹಿಡಿದದ್ದು. ಮನುಷ್ಯರ ಬಿ.ಪಿ. ವಿಪರೀತ ಇಳಿಸುತ್ತದೆ ಅಂತ ಪ್ರಾಣಿಗಳಿಗೆ ಮಾತ್ರ ಉಳಿಯಿತು. ಕುದುರೆ, ದನ, ನಾಯಿಗಳಿಗೆ ಮಂಪರು ಬರಿಸಲು ಬೇಕೇಬೇಕು. ಆನೆ ಹಿಡಿಯುವವರು ಕೀಟಮಿನ್ ಅನ್ನುವ ಅರಿವಳಿಕೆ ಮದ್ದಿನ ಜೊತೆ ಸೇರಿಸಿ ಹೊಡೆಯುವುದೂ ಇದನ್ನೇ. ಅಮೆರಿಕದಲ್ಲಿ ಇದನ್ನು ನಶೆಗೆ ಬಳಸುವ ಕಡು ನೋವುಮದ್ದು ಫೆಂಟನಿಲ್‌ಗೆ ಬೆರೆಸಿ ಮಾರತೊಡಗಿದರು. ಚುಚ್ಚಿಕೊಂಡವರ ಮೈಮೇಲೆ ವಾಸಿಯಾಗದ ಹುಣ್ಣು. ಫೆಂಟನಿಲ್ ಜಾಸ್ತಿಯಾದರೆ ನಲೋಕ್ಸೋನ್ ಕೊಟ್ಟು ಉಳಿಸಬಹುದು, ಆದರೆ ಅದು ಕ್ಸೈಲಾಜಿನ್ ಮೇಲೆ ಕೆಲಸ ಮಾಡುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಶ್ವೇತಭವನವೇ ಈ ಬೆರಕೆಯನ್ನು ಹೊಸ ಅಪಾಯ ಅಂತ ಘೋಷಿಸಿತು.

ಆದರೆ ಅಲ್ಲಿಯವರು ಪೂರಾ ಬಂದ್ ಮಾಡಿ ಅನ್ನಲಿಲ್ಲ, ಭಾವಾ. 2023ರಲ್ಲಿ ಅವರ ಸಂಸತ್ತಿಗೆ ಬಂದ ಮಸೂದೆ ಇದನ್ನು ಮೂರನೇ ಪಟ್ಟಿಯ ನಿಯಂತ್ರಿತ ಔಷಧಿ ಮಾಡಬೇಕು ಅಂದಿತು. ತಯಾರಿಸುವವರು ಲೆಕ್ಕ ಒಪ್ಪಿಸಬೇಕು, ದನದ ಡಾಕ್ಟರ ಕೈ ಮಾತ್ರ ಕಟ್ಟಬಾರದು. ಆ ಸಲ ಪಾಸಾಗದೆ 2025ರಲ್ಲಿ ಮತ್ತೆ ಮಂಡಿಸಬೇಕಾಯಿತು. ನಿಧಾನ, ಒಪ್ಪಿದೆ. ಆದರೂ ಬಾಟಲಿ ಯಾರ ಕೈಗೆ ಹೋಯಿತು ಅನ್ನುವ ಪ್ರಶ್ನೆಯನ್ನಾದರೂ ಕೇಳಿದರಲ್ಲ.

ನಮ್ಮಲ್ಲಿ? ಘಟ್ಟದ ಕೆಳಗೆ ರಾತ್ರಿ ರಸ್ತೆ ಬದಿ ಮಲಗಿದ ದನಕ್ಕೆ ಮಂಪರು ಚುಚ್ಚಿ ಗಾಡಿಗೆ ತುಂಬಿದ ಸುದ್ದಿ ಎಷ್ಟು ಸಲ ಓದಿಲ್ಲ? ಕಳ್ಳರನ್ನು ಬೈದೆವು. ಬಾಟಲಿ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ.

ನಾನೂ ಕೇಳಲಿಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ.

ನಮ್ಮನೆ ಆಕಳು ಗೌರಿಯ ಕಥೆ ನಿಮಗೆಲ್ಲ ಅರ್ಧ ಗೊತ್ತು. ಎಂಟು ತಿಂಗಳ ಗಬ್ಬ, ಸತ್ತ ಕರು ಹಾಕಿತು ಅಂತ ಇಲ್ಲೇ ಬರೆದು ಅತ್ತಿದ್ದೆ. ನೂರಾರು ಜನ ಸಮಾಧಾನ ಹೇಳಿದಿರಿ. ಬರೆಯದೆ ಬಿಟ್ಟದ್ದು ಇದು: ಮುಳ್ಳುತಂತಿ ತಾಗಿ ಅದರ ಕೆಚ್ಚಲು ಹರಿದಿತ್ತು. ಮುಟ್ಟಿದರೆ ಒದೆ. ಜೋರು ಮಳೆ, ಡಾಕ್ಟರು ಬೇರೆ ಊರಲ್ಲಿ. ಪೇಟೆಗೆ ಹೋಗಿ ಒಂದು ಅಂಗಡಿಯಲ್ಲಿ ಇದೇ ಮದ್ದಿನ ಹೆಸರು ಹೇಳಿದೆ, ಬಾಟಲಿ ಕೊಟ್ಟರು. ಪಶುವೈದ್ಯರ ಚೀಟಿ ಬೇಕು ಅಂತ ಲೇಬಲ್ ಮೇಲೆ ಅಚ್ಚಾಗಿತ್ತು. ಅವರೂ ಓದಲಿಲ್ಲ, ನಾನೂ ಓದಲಿಲ್ಲ. ಎಷ್ಟು ಕೊಡಬೇಕು ಅಂತ ಮೊಬೈಲ್‌ನಲ್ಲಿ ನೋಡಿದೆ. ನೋಡಿದ್ದು ಕುದುರೆಯ ಲೆಕ್ಕ. ದನಕ್ಕೆ ಅದರ ಹತ್ತನೇ ಒಂದು ಪಾಲು ಸಾಕು ಅಂತ ಗೊತ್ತಾದದ್ದು ಆಮೇಲೆ.

ಗೌರಿ ಮಗ್ಗುಲಾಗಿ ಬಿತ್ತು. ಹೊಟ್ಟೆ ತಮಟೆ ಆಯಿತು. ಬಾಯಿಂದ ಹಸಿರು ನೀರು. ರಾತ್ರಿ ಹತ್ತಕ್ಕೆ ಡಾಕ್ಟರು ಬಂದರು, ಎದೆಯ ಮೇಲೆ ಕೂರಿಸಿ ಹುಲ್ಲಿನ ಹೊರೆ ಒತ್ತುಕೊಟ್ಟರು. ಗಬ್ಬದ ಕೊನೆ ತಿಂಗಳುಗಳಲ್ಲಿ ಇದನ್ನು ಕೊಡಲೇಬಾರದಂತೆ, ಗರ್ಭಕೋಶ ಹಿಂಡುತ್ತದಂತೆ. ಬೈಯಲಿಲ್ಲ ಅವರು. ಬೈದಿದ್ದರೆ ಚೆನ್ನಾಗಿತ್ತು. ಆಕಳು ಉಳಿಯಿತು. ಕರು ಮೂರನೇ ದಿನ.

ಈಗ ಹೇಳಬೇಡಿ, ಕಾನೂನು ಬಿಗಿ ಮಾಡಿದರೆ ಹಳ್ಳಿಯವರಿಗೆ ಮದ್ದು ಸಿಗುವುದಿಲ್ಲ ಅಂತ. ಡಾಕ್ಟರು ಸಾಕಷ್ಟು ಇಲ್ಲ, ನಿಜ. ಹಾಗಂತ ಡಾಕ್ಟರ ಬದಲು ಬಾಟಲಿಯನ್ನೇ ಹಂಚುವುದಾ? ಕೀಟಮಿನ್ 2011ರಲ್ಲೇ ನಮ್ಮ ಮಾದಕವಸ್ತು ಕಾಯ್ದೆಯ ಪಟ್ಟಿಗೆ ಸೇರಿದೆ. ಆಮೇಲೆ ಪಶುವೈದ್ಯರು ಶಸ್ತ್ರಚಿಕಿತ್ಸೆ ನಿಲ್ಲಿಸಿದರಾ? ಸುಮ್ನೆ ನೆಪ ಹೇಳುವುದು. ನನ್ನ ಹತ್ತಿರ ಅವತ್ತು ಚೀಟಿ ಕೇಳಿದ್ದರೆ ನಾನೇ ಅಂಗಡಿಯಲ್ಲಿ ಜಗಳ ಮಾಡಿ, ವಾಪಸ್ ಬಂದು, ಇಲ್ಲಿ ಉದ್ದ ಪೋಸ್ಟ್ ಬರೆಯುತ್ತಿದ್ದೆ. ಅದೂ ನಿಜ.

ಭಾವನಿಗೆ ಇದೆಲ್ಲ ಹೇಳಲಿಲ್ಲ. ಕವಳ ಹಾಕಿಕೊಂಡು ಎದ್ದು ಬಂದೆ. ಮನೆಗೆ ಬಂದು ಹುಡುಕಿದರೆ, ಆ ಬಾಟಲಿ ಇನ್ನೂ ಕೊಟ್ಟಿಗೆಯ ಗೂಡಿನಲ್ಲೇ ಇತ್ತು. ಮುಕ್ಕಾಲು ತುಂಬಿದೆ. ಪಕ್ಕದಲ್ಲೇ ಮಕ್ಕಳ ಕ್ರಿಕೆಟ್ ಬಾಲ್. ಇವತ್ತು ಬೆಳಿಗ್ಗೆ ಅದೇ ಅಂಗಡಿಗೆ ಒಯ್ದು, ದುಡ್ಡು ಬೇಡ, ಇದನ್ನು ಇಟ್ಟುಕೊಳ್ಳಿ ಅಂದೆ.

ಹುಡುಗ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಕೇಳಿದ, "ಬಿಲ್ ಇದೆಯಾ ಸರ್? ಬಿಲ್ ಇಲ್ಲದೆ ನಾವು ಏನೂ ತಗೊಳ್ಳಲ್ಲ."