ಕಾರ್ಟಿಸಾಲ್ ಎಷ್ಟಿತ್ತು? ಎಷ್ಟು ಗಂಟೆಗೆ?

ಫೋನ್ ತೆಗೆದರೆ ಸಾಕು, "ಸುಸ್ತಾ? ಬೆಳಿಗ್ಗೆ ಏಳೋಕೆ ಆಗಲ್ವಾ? ನಿಮ್ಮ ಅಡ್ರಿನಲ್ ದಣಿದಿದೆ" ಅಂತ ಯಾರೋ ಒಬ್ಬರು ಪುಡಿ ಮಾರುತ್ತಿರುತ್ತಾರೆ. ನನಗಂತೂ ಮೈ ಉರಿಯುತ್ತೆ. ಅಡ್ರಿನಲ್ ಅಂದರೆ ಮೂತ್ರಪಿಂಡದ ಮೇಲೆ ಕೂತಿರುವ, ಕಾರ್ಟಿಸಾಲ್ ಅನ್ನೋ ಹಾರ್ಮೋನ್ ತಯಾರಿಸುವ ಗ್ರಂಥಿ. ಅದು ನಿಜಕ್ಕೂ ಕೆಟ್ಟರೆ ಹೇಗಿರುತ್ತೆ ಅಂತ ನನ್ನ ಅಕ್ಕನಲ್ಲೇ ನೋಡಿದ್ದೇನೆ.

ಅಕ್ಕನಿಗೆ ಒಂದು ವರ್ಷ ಸುಸ್ತು. ತೂಕ ಇಳಿಯುತ್ತಿತ್ತು. ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ. ಬರೀ ಉಪ್ಪನ್ನೇ ಚಿಟಿಕೆ ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ನಾವು ನಗುತ್ತಿದ್ದೆವು. ಟೆನ್ಷನ್ ಕಮ್ಮಿ ಮಾಡ್ಕೋ ಅಂತ ಎಲ್ಲರೂ ಹೇಳಿದವರೇ. ಕೊನೆಗೆ ಒಬ್ಬ ಡಾಕ್ಟರ್ ಅವಳ ಅಂಗೈಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರು. ಗೆರೆಗಳೆಲ್ಲ ಪೆನ್ನಿನಲ್ಲಿ ತಿದ್ದಿದ ಹಾಗೆ ಕಪ್ಪಾಗಿದ್ದವು. ಒಸಡಿನಲ್ಲೂ ಕಪ್ಪು. "ಇದು ಮೊದಲಿಂದ ಇತ್ತಾ, ಈಚೆಗೆ ಬಂತಾ?" ಅಂತ ಕೇಳಿದರು. ಕಪ್ಪು ಮೈಬಣ್ಣದವರಲ್ಲಿ ಒಸಡು ಕಪ್ಪಗಿರುವುದು ಮಾಮೂಲು, ಹಾಗಾಗಿ ಆ ಪ್ರಶ್ನೆಯೇ ಮುಖ್ಯ. 1855ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಅಡಿಸನ್ ಬರೆದಿಟ್ಟ, ಈಗ ಅವರದೇ ಹೆಸರಿನಲ್ಲಿರುವ ಕಾಯಿಲೆಯ ಲಕ್ಷಣಗಳೇ ಇವು, ಕಾರ್ಟಿಸಾಲ್ ಅನ್ನೋ ಹೆಸರೂ ಹುಟ್ಟಿರದ ಕಾಲದಲ್ಲಿ.

ತಮಾಷೆ ಏನು ಗೊತ್ತಾ? ಅದಕ್ಕೂ ಮುಂಚೆ ಅಕ್ಕ ಕಾರ್ಟಿಸಾಲ್ ಪರೀಕ್ಷೆ ಮಾಡಿಸಿದ್ದಳು. ರಿಪೋರ್ಟ್ ನಾರ್ಮಲ್. ಆದರೆ ರಕ್ತ ಕೊಟ್ಟಿದ್ದು ಸಂಜೆ 4ಕ್ಕೆ! ಕಾರ್ಟಿಸಾಲ್ ಬೆಳಿಗ್ಗೆ 8ರ ಆಸುಪಾಸಿನಲ್ಲಿ ಜಾಸ್ತಿ ಇರುತ್ತೆ, ಮಧ್ಯರಾತ್ರಿ ಹೊತ್ತಿಗೆ ತಳ ಸೇರುತ್ತೆ. ಸಂಜೆ ಎಲ್ಲರದ್ದೂ ಇಳಿದಿರುತ್ತೆ, ಕಾಯಿಲೆಯವರದ್ದು ಅದರಲ್ಲೇ ಅಡಗಿಕೊಳ್ಳುತ್ತೆ. ಕಾರ್ಟಿಸಾಲ್ ಜಾಸ್ತಿಯಾಗುವ ಕುಶಿಂಗ್ ಕಾಯಿಲೆಗೆ ಲೆಕ್ಕ ಉಲ್ಟಾ. ಅಲ್ಲಿ ರಾತ್ರಿ ಇಳಿಯಬೇಕಾದ್ದು ಇಳಿಯುವುದಿಲ್ಲ. ಅದಕ್ಕೇ ಮಲಗುವ ಹೊತ್ತಿನ ಜೊಲ್ಲು ಪರೀಕ್ಷೆ ಮಾಡುತ್ತಾರೆ, ಇಲ್ಲವೇ ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ನುಂಗಿಸಿ, ಬೆಳಿಗ್ಗೆ 8ಕ್ಕೆ ಕಾರ್ಟಿಸಾಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಮಿಗಿಂತ ಕೆಳಗೆ ಇಳಿಯಿತಾ ಅಂತ ನೋಡುತ್ತಾರೆ.

ಅಕ್ಕನ ವಿಷಯದಲ್ಲಿ ಗ್ರಂಥಿಯನ್ನು ಕೆಣಕಿಯೇ ನೋಡಬೇಕಾಯಿತು. ಮೊದಲು ಒಂದು ಸಲ ರಕ್ತ ತೆಗೆದರು, ಆಮೇಲೆ ಕಾರ್ಟಿಸಾಲ್ ತಯಾರಿಸು ಅಂತ ಗ್ರಂಥಿಗೆ ಹೇಳುವ ಎಸಿಟಿಎಚ್ ಹಾರ್ಮೋನಿನಂಥ ಔಷಧಿಯ 250 ಮೈಕ್ರೋಗ್ರಾಂ ಇಂಜೆಕ್ಷನ್, ಅರ್ಧ ಗಂಟೆಗೆ ಮತ್ತೆ ರಕ್ತ, ಒಂದು ಗಂಟೆಗೆ ಇನ್ನೊಂದು ಸಲ. ಗ್ರಂಥಿ ಚೆನ್ನಾಗಿದ್ದರೆ ಕಾರ್ಟಿಸಾಲ್ ಸರ್ರನೆ ಏರಬೇಕು. ಅವಳದ್ದು ಮೂರು ಸಲವೂ ಹೆಚ್ಚುಕಮ್ಮಿ ಅಲ್ಲೇ ಇತ್ತು.

ಇನ್ನೊಂದು ಮಾತು. ಆಸ್ತಮಾ ಇನ್ಹೇಲರ್, ಚರ್ಮದ ಕ್ರೀಮ್, ಮಂಡಿಗೆ ಚುಚ್ಚಿಸಿಕೊಂಡ ಇಂಜೆಕ್ಷನ್, ಇವುಗಳಲ್ಲೂ ಎಷ್ಟೋ ಸಲ ಕಾರ್ಟಿಸಾಲಿನಂಥ ಸ್ಟೀರಾಯ್ಡ್ ಇರುತ್ತೆ. ಜಾಸ್ತಿ ದಿನ ತೆಗೆದುಕೊಂಡರೆ ಗ್ರಂಥಿ ಕೆಲಸ ಬಿಟ್ಟು ಸುಮ್ನೆ ಕೂತುಬಿಡಬಹುದು. ಸ್ಟೀರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿ ಒಂದು ದಿನ ದಿಢೀರ್ ಅಂತ ನಿಲ್ಲಿಸುವುದಂತೂ ಜೀವಕ್ಕೇ ಅಪಾಯ. ಪರೀಕ್ಷೆಗೆ ಮುಂಚೆ ಇದನ್ನೆಲ್ಲ ಡಾಕ್ಟರಿಗೆ ಹೇಳಿ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ರಕ್ತದ ಕಾರ್ಟಿಸಾಲನ್ನು ಇಲ್ಲದ ಎತ್ತರಕ್ಕೆ ತೋರಿಸುತ್ತೆ ಅದು.

ಬಿಪಿ ಚಿಕ್ಕ ವಯಸ್ಸಿಗೇ ಬಂದು ಪೊಟ್ಯಾಸಿಯಮ್ಮೂ ಕಮ್ಮಿ ಇದ್ದರೆ ಇದೇ ಗ್ರಂಥಿಯ ಇನ್ನೊಂದು ಹಾರ್ಮೋನಾದ ಆಲ್ಡೋಸ್ಟೆರಾನ್ ಮತ್ತು ಅದನ್ನು ಹತೋಟಿಯಲ್ಲಿಡುವ ರೆನಿನ್ ನೋಡಿಸಬೇಕು. ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಇನ್ನು ಆ "ದಣಿದ ಅಡ್ರಿನಲ್". 58 ಅಧ್ಯಯನಗಳನ್ನು ಜಾಲಾಡಿದ 2016ರ ಒಂದು ಪರಿಶೀಲನೆಗೆ ಇದಕ್ಕೆ ಆಧಾರವೇ ಸಿಗಲಿಲ್ಲ. ಸುಸ್ತು ಸುಳ್ಳು ಅಂತ ನಾನು ಹೇಳುತ್ತಿಲ್ಲ. ರಕ್ತಹೀನತೆ, ಥೈರಾಯ್ಡ್, ಖಿನ್ನತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವೆಲ್ಲ ಸುಸ್ತಿಗೆ ಕಾರಣವೇ ಅಲ್ವಾ? ಪುಡಿ ಕಲಸಿಕೊಂಡು ಕೂತರೆ ಇವನ್ನು ಹುಡುಕುವವರು ಯಾರು?

ಅಕ್ಕ ಈಗ ದಿನಾ ಹೈಡ್ರೋಕಾರ್ಟಿಸೋನ್, ಅಂದರೆ ಕಾರ್ಟಿಸಾಲನ್ನೇ, ಮಾತ್ರೆಯಾಗಿ ತೆಗೆದುಕೊಳ್ಳುತ್ತಾಳೆ. ಜ್ವರ ಬಂದರೆ ಡಾಕ್ಟರ್ ಹೇಳಿಕೊಟ್ಟ ಹಾಗೆ ಡೋಸ್ ಏರಿಸುತ್ತಾಳೆ. ಪರ್ಸಿನಲ್ಲಿ ಒಂದು ಕಾರ್ಡ್ ಇದೆ, ಅವಳೇ ದಪ್ಪ ಅಕ್ಷರದಲ್ಲಿ ಬರೆದದ್ದು: "ನನಗೆ ಅಡಿಸನ್ ಕಾಯಿಲೆ ಇದೆ. ಪ್ರಜ್ಞೆ ತಪ್ಪಿದ್ದರೆ ತಕ್ಷಣ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಕೊಡಿಸಿ."