ಸ್ಕಿಡ್ ಸ್ಟೀರ್ ಲೋಡರ್: ಒಂದೇ ಯಂತ್ರ ಕೊಳ್ಳುವವರಿಗೆ ಟ್ರ್ಯಾಕ್ ಬೇಕೇ?

ಎಡಬದಿ, ಬಲಬದಿಯ ವೇಗವನ್ನು ಹೆಚ್ಚುಕಡಿಮೆ ಮಾಡಿ, ನೆಲವನ್ನು ಉಜ್ಜಿಕೊಂಡೇ ತಿರುಗುವ ಪುಟ್ಟ ಲೋಡರ್ ಇದು. ನಾಲ್ಕು ಟೈರುಗಳ ಮೇಲೂ ಬರುತ್ತದೆ, ಚಕ್ರಗಳನ್ನು ಸುತ್ತುವ ರಬ್ಬರ್ ಪಟ್ಟಿಯ, ಅಂದರೆ ಟ್ರ್ಯಾಕಿನ ಮೇಲೂ ಬರುತ್ತದೆ. ಎರಡನ್ನೂ ಇಟ್ಟುಕೊಳ್ಳುವ ಶಕ್ತಿ ಇರುವವರಿಗೆ ಈ ಚರ್ಚೆ ಬೇಡ. ಒಂದನ್ನೇ ಕೊಳ್ಳುವವರು ಟ್ರ್ಯಾಕಿಗೆ ಹೆಚ್ಚಿನ ಹಣ ಹಾಕಬೇಕೇ?

ಪರ: ನಿಂತ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ

ಲೋಡರ್ ಕೊಳ್ಳಲು ಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಬೆಲೆಪಟ್ಟಿಯನ್ನು. ಅದೇ ಗಾತ್ರದ ಟೈರ್ ಯಂತ್ರಕ್ಕಿಂತ ಟ್ರ್ಯಾಕ್ ಯಂತ್ರ ಎದ್ದು ಕಾಣುವಷ್ಟು ದುಬಾರಿ. ಅರ್ಧ ಜನ ಅಲ್ಲಿಗೇ ತೀರ್ಮಾನ ಮುಗಿಸುತ್ತಾರೆ. ಆದರೆ ಬೆಲೆಪಟ್ಟಿಯಲ್ಲಿ ಬರೆಯದ ಖರ್ಚು ಒಂದಿದೆ. ಮಳೆ ನಿಂತ ಮೇಲೂ ನೆಲ ಆರಲಿ ಎಂದು ಯಂತ್ರವನ್ನು ಸುಮ್ಮನೆ ನಿಲ್ಲಿಸಿಕೊಂಡು ಕೂರುವ ದಿನಗಳ ಖರ್ಚು. ಸಾಲದ ಕಂತಾಗಲಿ, ಆಪರೇಟರ್ ಸಂಬಳವಾಗಲಿ ನೆಲ ಆರುವ ತನಕ ಕಾಯುವುದಿಲ್ಲ.

ವ್ಯತ್ಯಾಸ ಇರುವುದು ನೆಲದ ಮೇಲೆ ಬೀಳುವ ಒತ್ತಡದಲ್ಲಿ. ಟೈರ್ ಯಂತ್ರದ ಒತ್ತಡ ಸಾಮಾನ್ಯವಾಗಿ ಚದರ ಇಂಚಿಗೆ 30 ಪೌಂಡ್, ಅಂದರೆ 30 ಪಿಎಸ್‌ಐ ಆಸುಪಾಸಿನಲ್ಲಿದ್ದರೆ, ಟ್ರ್ಯಾಕ್ ಯಂತ್ರದ್ದು 4ರಿಂದ 6 ಪಿಎಸ್‌ಐ. ಅದೂ ಟ್ರ್ಯಾಕ್ ಯಂತ್ರವೇ ಹೆಚ್ಚು ಭಾರವಿದ್ದರೂ. ಇದರ ಅರ್ಥ ಕೆಸರಿನಲ್ಲಿ ಮಾತ್ರ ತಿಳಿಯುತ್ತದೆ. ತುಂಬಿದ ಬಕೆಟ್ ಎತ್ತಿದ ಕೂಡಲೇ ಭಾರವೆಲ್ಲ ಮುಂದಿನ ಎರಡು ಟೈರುಗಳ ಮೇಲೆ ಬೀಳುತ್ತದೆ. ಅವು ಇಳಿಯುತ್ತವೆ. ಆಪರೇಟರ್ ಹಿಂದಕ್ಕೆ ಎಳೆಯುತ್ತಾನೆ. ಟೈರಿನ ಗೀರುಗಳಲ್ಲಿ ಮಣ್ಣು ಮೆತ್ತಿಕೊಂಡು ಹಿಡಿತ ಹೋಗಿರುತ್ತದೆ, ಚಕ್ರ ತಿರುಗಿದಷ್ಟೂ ತಾನು ನಿಂತ ಗುಂಡಿಯನ್ನು ತಾನೇ ಆಳ ಮಾಡುತ್ತದೆ. ಕೊನೆಗೆ ಯಂತ್ರದ ಹೊಟ್ಟೆ ನೆಲಕ್ಕೆ ತಾಗಿತೆಂದರೆ ಅದನ್ನು ಎಳೆಯಲು ಇನ್ನೊಂದು ಯಂತ್ರ ಬರಬೇಕು. ಅದೇ ಜಾಗದಲ್ಲಿ ಟ್ರ್ಯಾಕ್ ಯಂತ್ರ ಬಕೆಟ್ ತುಂಬಿಕೊಂಡು ಹೊರಗೆ ಬರುತ್ತದೆ.

ನೆಲ ಸಮತಟ್ಟು ಮಾಡುವವರಿಗಂತೂ ನಾನು ಬೇರೆ ಸಲಹೆ ಕೊಡಲಾರೆ. ಟೈರ್ ಯಂತ್ರದ ಮುಂದಿನ ಹಿಂದಿನ ಚಕ್ರಗಳ ನಡುವೆ ಅಂತರ ಕಡಿಮೆ. ಮುಂದಿನ ಚಕ್ರ ಸಣ್ಣ ತಗ್ಗಿಗೆ ಇಳಿದರೂ ಬಕೆಟ್ಟಿನ ಅಂಚು ನೆಲಕ್ಕೆ ಕಚ್ಚುತ್ತದೆ, ಕಚ್ಚಿದ ಗುರುತಿನ ಮೇಲೆ ಹಿಂದಿನ ಚಕ್ರ ಹತ್ತಿದಾಗ ಅಂಚು ಮತ್ತೆ ಏರುಪೇರಾಗುತ್ತದೆ. ಹೀಗೆ ತಗ್ಗು ಮುಚ್ಚಲು ಹೋದವರು ಅಲೆ ಎಬ್ಬಿಸಿ ಬರುತ್ತಾರೆ. ಟ್ರ್ಯಾಕ್ ಆ ತಗ್ಗನ್ನು ದಾಟಿಕೊಂಡು ಹೋಗುತ್ತದೆ.

ಇನ್ನೊಂದು ವಿಷಯ ಅನೇಕರ ಗಮನಕ್ಕೆ ಬರುವುದಿಲ್ಲ. ವಿವರಪಟ್ಟಿಯಲ್ಲಿ ಬರೆದಿರುವ ಕೆಲಸದ ಭಾರವನ್ನು, ಅಂದರೆ ಸುರಕ್ಷಿತವಾಗಿ ಎತ್ತಬಹುದಾದ ಭಾರವನ್ನು, ಎರಡು ಬಗೆಯ ಯಂತ್ರಗಳಿಗೆ ಎರಡು ರೀತಿಯಲ್ಲಿ ಲೆಕ್ಕ ಹಾಕುತ್ತಾರೆ. ಟೈರ್ ಯಂತ್ರಕ್ಕೆ ಮುಗ್ಗರಿಸುವ ಭಾರದ (ಯಂತ್ರ ಮುಂದಕ್ಕೆ ವಾಲಿ ಹಿಂಬದಿ ಮೇಲೇಳುವ ಭಾರದ) ಶೇ 50, ಟ್ರ್ಯಾಕ್ ಯಂತ್ರಕ್ಕೆ ಶೇ 35. ಅಂದರೆ ಎರಡರ ಮೇಲೂ 1,000 ಕೆ.ಜಿ. ಎಂದು ಬರೆದಿದ್ದರೆ, ಟೈರ್ ಯಂತ್ರ 2,000 ಕೆ.ಜಿ.ಗೆ ಮುಗ್ಗರಿಸುತ್ತದೆ, ಟ್ರ್ಯಾಕ್ ಯಂತ್ರ 2,850 ದಾಟಿದ ಮೇಲೆ. ಅಂಕಿ ಒಂದೇ, ಯಂತ್ರ ಒಂದೇ ಅಲ್ಲ.

ನಿರ್ವಹಣೆಯ ದೂರು ನನಗೂ ಗೊತ್ತು. ಸಂಜೆ ಕೆಲಸ ಮುಗಿದ ಮೇಲೆ ಟ್ರ್ಯಾಕಿನೊಳಗಿನ ರೋಲರುಗಳ ನಡುವಿನ ಮಣ್ಣನ್ನು ಸಲಿಕೆಯಿಂದ ಕೆರೆದು ತೆಗೆಯಬೇಕು, ಒಣಗಲು ಬಿಟ್ಟರೆ ಅದು ಕಲ್ಲಾಗಿ ರೋಲರನ್ನೇ ತಿರುಗಲು ಬಿಡುವುದಿಲ್ಲ. ಅಷ್ಟಕ್ಕೂ ಸೋಮಾರಿತನ ಮಾಡುವವರ ಕೈಯಲ್ಲಿ ಟೈರ್ ಯಂತ್ರ ಮಾತ್ರ ಬಾಳಿಕೆ ಬಂದೀತೇ?

ವಿರೋಧ: ತಿರುಗಲಿಕ್ಕೆಂದೇ ಹುಟ್ಟಿದ ಯಂತ್ರ

ಈ ಯಂತ್ರ ಹುಟ್ಟಿದ್ದು ಕೆಸರಿಗಾಗಿ ಅಲ್ಲ. 1957ರಲ್ಲಿ ಅಮೆರಿಕದ ಮಿನ್ನೆಸೋಟದ ರಾತ್ಸೆ ಊರಿನಲ್ಲಿ ಕೆಲ್ಲರ್ ಸೋದರರು ಮೂರು ಚಕ್ರದ ಒಂದು ಲೋಡರನ್ನು ಕಟ್ಟಿದ್ದು ಟರ್ಕಿ ಕೋಳಿಗಳ ಕೊಟ್ಟಿಗೆಯ ಹಿಕ್ಕೆ ಬಳಿದು ತೆಗೆಯಲು, ಕಂಬಗಳ ಸಂದಿಯಲ್ಲಿ ನುಗ್ಗಿ ತಿರುಗಬಲ್ಲ ಯಂತ್ರ ಬೇಕಾಗಿತ್ತೆಂದು. ಮೆಲ್ರೋ ಕಂಪನಿ 1960ರಲ್ಲಿ ಅದಕ್ಕೆ ಎಂಜಿನ್ನಿನ ಬಲದಿಂದ ತಿರುಗುವ ಎರಡನೆಯ ಅಚ್ಚು ಸೇರಿಸಿ ನಾಲ್ಕು ಚಕ್ರದ ಎಂ-400 ತಂದಿತು. ಅಂದಿನಿಂದ ಇಂದಿನವರೆಗೂ ಇದರ ಜೀವಾಳ ನಿಂತಲ್ಲೇ ತಿರುಗುವುದು, ಟ್ರ್ಯಾಕ್ ಸುಂಕ ಕೇಳುವುದೂ ಅಲ್ಲಿಯೇ.

ಟೈರ್ ಯಂತ್ರ ಹೇಗೆ ತಿರುಗುತ್ತದೆ ಎಂದು ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಬಕೆಟ್ ಖಾಲಿ ಇದ್ದಾಗ ಭಾರದ ಸುಮಾರು ಶೇ 70ರಷ್ಟು ಹಿಂದಿನ ಅಚ್ಚಿನ ಮೇಲಿರುತ್ತದೆ. ಹಗುರವಾದ ಮುಂದಿನ ಚಕ್ರಗಳು ಸಲೀಸಾಗಿ ಜಾರುತ್ತವೆ. ಬಕೆಟ್ ತುಂಬಿದರೆ ಲೆಕ್ಕ ತಿರುಗುಮುರುಗು, ಜಾರುವ ಸರದಿ ಹಿಂದಿನ ಚಕ್ರಗಳದ್ದು. ಯಾವ ಹೊತ್ತಿನಲ್ಲೂ ಒಂದು ಜೊತೆ ಹಗುರವಾಗಿರುತ್ತದೆ. ಟ್ರ್ಯಾಕಿಗೆ ಈ ಅನುಕೂಲವಿಲ್ಲ. ಉದ್ದಕ್ಕೂ ನೆಲಕ್ಕೆ ಅಂಟಿಕೊಂಡ ರಬ್ಬರು ಪ್ರತಿ ತಿರುವಿನಲ್ಲೂ ಉಜ್ಜಬೇಕು. ಹಸಿ ಮಣ್ಣಿನಲ್ಲಿ ಇದು ಕಾಣುವುದಿಲ್ಲ. ಕಾಂಕ್ರೀಟಿನ ಮೇಲೆ ಕಪ್ಪು ಕಮಾನುಗಳಾಗಿ ಕಾಣುತ್ತದೆ, ಆ ಕಪ್ಪೆಲ್ಲ ನಿಮ್ಮ ಹಣ. ಹದವಾದ ನೆಲದಲ್ಲಿ 1,200ರಿಂದ 1,600 ಗಂಟೆ ಬಾಳುವ ಟ್ರ್ಯಾಕು ಡಾಂಬರು, ಜಲ್ಲಿ, ಕಟ್ಟಡ ಒಡೆದ ಅವಶೇಷಗಳ ಮೇಲೆ ಆ ಲೆಕ್ಕದ ಹತ್ತಿರವೂ ಸುಳಿಯುವುದಿಲ್ಲ. ಟೈರೂ ಅಲ್ಲಿ ಬೇಗ ಸವೆಯುತ್ತದೆ, ನಿಜ. ಆದರೆ ಸವೆದ ಟೈರು ಬದಲಿಸಲು ಬೇಕಾಗುವ ಹಣ, ಹೊತ್ತು ಎರಡೂ ಕಡಿಮೆ. ಒಂದು ಎಚ್ಚರ ಮಾತ್ರ ಬೇಕು: ಒಂದು ಬದಿಯ ಎರಡು ಚಕ್ರಗಳನ್ನು ಒಳಗಿನ ಚೈನು ಒಟ್ಟಿಗೇ ತಿರುಗಿಸುವುದರಿಂದ, ಒಂದು ಸವೆದದ್ದು ಒಂದು ಹೊಸದು ಹಾಕಿದರೆ ಚೈನಿಗೆ ಪೆಟ್ಟು.

ಟ್ರ್ಯಾಕಿನ ಒಳಗೆ ಉಕ್ಕಿನ ಹುರಿಗಳಿವೆ. ಕಬ್ಬಿಣದ ಸರಳಿನ ತುದಿಯೊಂದು ರಬ್ಬರನ್ನು ಸೀಳಿದರೆ ಸಾಕು, ನೀರು ಒಳಗಿಳಿದು ಹುರಿ ತುಕ್ಕು ಹಿಡಿಯಲು ಶುರುವಾಗುತ್ತದೆ, ಒಂದು ದಿನ ಪಟ್ಟಿಯೇ ತುಂಡಾಗುತ್ತದೆ. ಪಂಕ್ಚರ್ ಇಲ್ಲ ಎನ್ನುವುದನ್ನು ಟ್ರ್ಯಾಕಿನ ದೊಡ್ಡ ಗುಣವೆಂದು ಹೇಳುವವರು ಗಟ್ಟಿ ರಬ್ಬರಿನ ಟೈರು, ಫೋಮ್ ತುಂಬಿದ ಟೈರು ಇರುವುದನ್ನು ಮರೆಯುತ್ತಾರೆ. ಅವುಗಳ ಮೇಲೆ ಕೂತರೆ ಸೊಂಟಕ್ಕೆ ಹಿತವಲ್ಲ, ಆದರೆ ಮೊಳೆಗೆ ಹೆದರಬೇಕಿಲ್ಲ.

ಟ್ರ್ಯಾಕಿನ ಬಿಗಿತದ ಕಥೆಯೂ ಹಾಗೆಯೇ. ಬಿಗಿ ಹೆಚ್ಚಾದರೆ ಬೇರಿಂಗು ಸವೆದು ಎಂಜಿನ್ನಿನ ಶಕ್ತಿ ಸೋರುತ್ತದೆ. ಸಡಿಲವಾದರೆ ಇಳಿಜಾರಿನಲ್ಲಿ ಅಡ್ಡ ಹೋಗುವಾಗಲೋ ಕಲ್ಲಿನ ಅಂಚು ಹತ್ತುವಾಗಲೋ ಟ್ರ್ಯಾಕು ಕಳಚಿಕೊಳ್ಳುತ್ತದೆ. ಕೆಸರಿನಿಂದ ಸಲೀಸಾಗಿ ಹೊರಬರುತ್ತದೆ ಎಂದರಲ್ಲ, ಆ ಕೆಸರಿನ ನಡುವೆಯೇ ಟ್ರ್ಯಾಕು ಕಳಚಿದರೆ ಏನಾಗುತ್ತದೆಂದು ಹೇಳಲಿಲ್ಲ. ಯಂತ್ರವನ್ನು ಎತ್ತಿ ನಿಲ್ಲಿಸಬೇಕು, ಗ್ರೀಸ್ ವಾಲ್ವ್ ಸಡಿಲಿಸಿ ಮುಂದಿನ ಚಕ್ರವನ್ನು ಒಳಕ್ಕೆ ಸರಿಸಬೇಕು, ಹಾರೆ ಹಾಕಿ ಮಣ್ಣು ತುಂಬಿದ ಪಟ್ಟಿಯನ್ನು ಹಲ್ಲುಚಕ್ರದ ಮೇಲೆ ಕೂರಿಸಬೇಕು, ಮತ್ತೆ ಗ್ರೀಸ್ ಒತ್ತಿ ಬಿಗಿಗೊಳಿಸಬೇಕು. ಆ ದಿನವೂ ನಿಂತ ದಿನವೇ.

ಮುಗ್ಗರಿಸುವ ಭಾರದ ಲೆಕ್ಕ ಸರಿಯಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಹೆಚ್ಚುವರಿ ಭದ್ರತೆಯ ಒಂದು ಪಾಲು ಬಂದದ್ದು ಯಂತ್ರದ ಹೆಚ್ಚುವರಿ ತೂಕದಿಂದ. ಅದನ್ನು ಸಾಗಿಸಲು ದೊಡ್ಡ ಟ್ರೈಲರು ಬೇಕು, ಓಡಿಸಲು ಹೆಚ್ಚು ಡೀಸೆಲ್ ಬೇಕು. ರಾಶಿಗೂ ಲಾರಿಗೂ ನಡುವೆ ದೂರವಿದ್ದರಂತೂ ಟೈರಿನ ವೇಗವೇ ಗೆಲ್ಲುತ್ತದೆ; ಎರಡು ವೇಗದ ಹಂತಗಳಿರುವ ಟೈರ್ ಯಂತ್ರ ಗಂಟೆಗೆ 18-19 ಕಿ.ಮೀ. ಓಡುತ್ತದೆ.

ಕೆಸರಿಗೆ ಬೇರೆ ದಾರಿಯೂ ಇದೆ. ಟೈರುಗಳ ಮೇಲೆಯೇ ಹೊದಿಸುವ ಉಕ್ಕಿನ ಅಥವಾ ರಬ್ಬರಿನ ಪಟ್ಟಿಗಳು ಸಿಗುತ್ತವೆ. ಮುಂದಿನ ಹಿಂದಿನ ಟೈರುಗಳನ್ನು ಸುತ್ತುವರಿದು, ಕೆಲಸ ಮುಗಿದ ಮೇಲೆ ಬಿಚ್ಚಿಡಬಹುದು. ಟೈರಿಗೂ ಯಂತ್ರದ ಮೈಗೂ ನಡುವೆ ಸಾಕಷ್ಟು ಸಂದಿ ಇದೆಯೇ ಎಂದು ಮೊದಲೇ ಅಳೆದುಕೊಳ್ಳಬೇಕು. ನಿಜವಾದ ಟ್ರ್ಯಾಕಿನಷ್ಟು ಚೆನ್ನಾಗಿ ಅವು ಕೆಸರಿನಲ್ಲಿ ತೇಲುವುದಿಲ್ಲ, ಬಂದ ಕಷ್ಟ ದಾಟಿಸುತ್ತವೆ. ಅದನ್ನು ಬಿಟ್ಟು ವರ್ಷದ ನಾಲ್ಕು ಕೆಟ್ಟ ವಾರಗಳಿಗಾಗಿ ಇಡೀ ಯಂತ್ರವನ್ನೇ ಬದಲಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಕೊಳ್ಳುವ ಮೊದಲು ಹಿಂದಿನ ವರ್ಷದ ಕೆಲಸದ ಪುಸ್ತಕ ತೆರೆದು, ಯಾವ ನೆಲದಲ್ಲಿ ಎಷ್ಟು ಗಂಟೆ ಓಡಿತೆಂದು ಕೂಡಿಸಿ. ಅರ್ಧಕ್ಕಿಂತ ಹೆಚ್ಚು ಗಂಟೆ ಹಸಿ ಮಣ್ಣಿನಲ್ಲೇ ಹೋಗಿದ್ದರೆ ನನ್ನ ವಾದ ನಿಮಗಲ್ಲ, ಟ್ರ್ಯಾಕ್ ಕೊಳ್ಳಿ. ಹೆಚ್ಚಿನ ಗಂಟೆಗಳು ಗಟ್ಟಿ ನೆಲದ್ದಾಗಿದ್ದರೆ ಟೈರ್ ಯಂತ್ರವನ್ನು ಇಟ್ಟುಕೊಂಡು, ಆ ನಾಲ್ಕು ವಾರಕ್ಕೆ ಟ್ರ್ಯಾಕ್ ಯಂತ್ರವನ್ನು ಬಾಡಿಗೆಗೆ ತನ್ನಿ.