ಕೋಳಿಗೆ 40 ದಿನ, ಫೈಲಿಗೆ ಅವಸರ ಇಲ್ಲ

ಭಾನುವಾರ ಬೆಳಿಗ್ಗೆ ಕೋಳಿ ಅಂಗಡಿ ಮುಂದೆ ನಿಂತಿದ್ದೆ. ನನ್ನ ಸರದಿ ಬಂದಾಗ ಬಾಯಿ ಸುಮ್ನಿರಲಿಲ್ಲ. "ಅಣ್ಣಾ, ಈ ಕೋಳಿಗೆ ಆಂಟಿಬಯೋಟಿಕ್ ನಿಲ್ಲಿಸಿ ಎಷ್ಟು ದಿನ ಆಯ್ತು?" ಅಂದೆ. ಆತ ಡ್ರಮ್ಮಿನೊಳಗೆ ಒದ್ದಾಡುತ್ತಿದ್ದ ಕೋಳಿಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. "ಸ್ಕಿನ್ ಇರ್ಲಾ, ತೆಗೀಲಾ?"

ತಲೆಹರಟೆ ನನ್ನದಲ್ಲ, ನಿಯಮದ್ದು. ಔಷಧಿ ಕೊಟ್ಟ ಕೋಳಿಯನ್ನು ಅದು ಮೈಯಿಂದ ಇಳಿಯುವ ತನಕ ಕೊಯ್ಯಬಾರದು. ಎಷ್ಟು ದಿನ ಕಾಯಬೇಕು ಅಂತ ಔಷಧಿಯ ಲೇಬಲ್ ಮೇಲೆ ಇರಬೇಕು. ಗೊತ್ತಿಲ್ಲದಿದ್ದರೆ ಮಾಂಸಕ್ಕೆ ಕನಿಷ್ಠ 28 ದಿನ, ಮೊಟ್ಟೆಗೆ 7 ದಿನ ಅಂತ 2012ರಲ್ಲೇ ಬರೆದಿಟ್ಟಿದ್ದಾರೆ. ಬ್ರಾಯ್ಲರ್ ಕೋಳಿಯ ಆಯುಸ್ಸೇ ಸುಮಾರು 40 ದಿನ. ಅಂದರೆ ಹನ್ನೆರಡು ದಿನ ಕಳೆದ ಮೇಲೆ ಅದಕ್ಕೆ ನೆಗಡಿ ಬಂದರೆ ಅದು ಕೋಳಿಯದೇ ತಪ್ಪು.

2014ರಲ್ಲಿ ದೆಹಲಿಯ ಸಿಎಸ್‌ಇ (ವಿಜ್ಞಾನ ಮತ್ತು ಪರಿಸರ ಕೇಂದ್ರ) ಸಂಸ್ಥೆ ಅಲ್ಲಿನ 70 ಕೋಳಿ ಮಾದರಿ ಪರೀಕ್ಷಿಸಿದಾಗ ಶೇ. 40ರಲ್ಲಿ ಆಂಟಿಬಯೋಟಿಕ್ ಉಳಿಕೆ ಸಿಕ್ಕಿತ್ತು. ಹಾಗಾದ್ರೆ ಪರೀಕ್ಷೆ ಮಾಡೋಣ, ಅಲ್ವಾ? ಮಾಡೋಣ. ಆಹಾರ ಸುರಕ್ಷತಾ ಕಾಯ್ದೆ ಪ್ರಕಾರ ಮಾದರಿಯನ್ನು ನಾಲ್ಕು ಪಾಲು ಮಾಡಬೇಕು. ಒಂದು ವಿಶ್ಲೇಷಕರಿಗೆ, ಎರಡು ಅಧಿಕಾರಿಯ ಸುಪರ್ದಿಗೆ, ಉಳಿದದ್ದು ಅಂಗಡಿಯವನು ಕೇಳಿದರೆ ಬೇರೆ ಲ್ಯಾಬಿಗೆ. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡ ಹಾಗೆ. ಲೆಗ್ ಪೀಸ್ ಯಾರ ಪಾಲಿಗೆ ಅಂತ ಮಾತ್ರ ಕಾಯ್ದೆಯಲ್ಲಿಲ್ಲ.

ವರದಿ ಕೊಡಲು 14 ದಿನ. ವರದಿ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ 30 ದಿನ. ಆಮೇಲೆ ಬೇಕೆಂದರೆ ಮರುಪರೀಕ್ಷೆಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಂಥ ರೆಫರಲ್ ಲ್ಯಾಬು. ಮಾದರಿ ತೆಗೆದ ದಿನ ಮೊಟ್ಟೆಯೊಡೆದು ಬಂದ ಮರಿ ಬೆಳೆದು, ತೂಕಕ್ಕೆ ಬಂದು, ಬಿರಿಯಾನಿಯಾಗಿ ಹೋಗಿರುತ್ತದೆ. ಮೇಲ್ಮನವಿಯ ಗಡುವು ಇನ್ನೂ ಮುಗಿದಿರುವುದಿಲ್ಲ. ಅಸಲಿ ಆರೋಪಿಯಂತೂ ಮೊದಲ ದಿನವೇ ಯಾರದೋ ಮನೆಯ ಕುಕ್ಕರಿನಲ್ಲಿ ಮೂರು ವಿಷಲ್ ಹೊಡೆಸಿಕೊಂಡಿದೆ.

ಹೊರದೇಶಕ್ಕೆ ಹೋಗುವ ಮೊಟ್ಟೆ ಪುಡಿಯ ಕಥೆ ಬೇರೆ. ಅದಕ್ಕೆ ರಫ್ತು ತಪಾಸಣಾ ಮಂಡಳಿ ಔಷಧಿ ಉಳಿಕೆ ನೋಡಲೆಂದೇ ವರ್ಷ ವರ್ಷ ಯೋಜನೆ ಹಾಕುತ್ತದೆ. ಹಡಗು ಹತ್ತದ ಮೊಟ್ಟೆಗೆ ಇಷ್ಟೊಂದು ಮರ್ಯಾದೆ ಯಾಕೆ? ಅದು ಹೇಗೂ ನಮ್ಮ ಮನೆಯಲ್ಲೇ ಆಮ್ಲೆಟ್ ಆಗುತ್ತದೆ.

ಅಂಗಡಿಯಲ್ಲಿ ನಾನು ಇದನ್ನೆಲ್ಲ ವಿವರಿಸಿದೆ. ಆತ ತಾಳ್ಮೆಯಿಂದ ಕೇಳಿದ. ಕತ್ತಿ ಒರೆಸಿಕೊಂಡು ಹೇಳಿದ: "ರಿಪೋರ್ಟ್ ಬರ್ಲಿ ಸಾರ್, ನೋಡಾಣ. ಈಗ ಒಂದು ಕೆಜಿನಾ, ಒಂದೂವರೆನಾ? ಹಿಂದೆ ಜನ ಕಾಯ್ತಿದಾರೆ."

ಒಂದೂವರೆ ಅಂದೆ.